ಹಳೆಯ ಸೋಲಾರ್ ಪ್ಯಾನೆಲ್, ಬ್ಯಾಟರಿ, ವಾಟರ್ ಹೀಟರ್, ಗಾಳಿಯಂತ್ರ ವಿಲೇವಾರಿ: ಪದೇ ಪದೇ ಕೇಳುವ ಪ್ರಶ್ನೆಗಳು

ಧಾರವಾಡ, ಗದಗ, ಹಾವೇರಿ ಜಿಲ್ಲೆಗಳ ಮನೆ, ಹೊಲ, ಶಾಲೆ, ಪಂಚಾಯಿತಿಗಳಲ್ಲಿ ಹತ್ತು-ಹದಿನೈದು ವರ್ಷದ ಹಿಂದೆ ಕೂರಿಸಿದ ಸಾಮಾನು ಈಗ ಒಂದೊಂದಾಗಿ ಕೆಳಗಿಳಿಯುತ್ತಿದೆ. ಇವೆಲ್ಲಕ್ಕೂ ಒಂದು ಮಾತು ಅನ್ವಯಿಸುತ್ತದೆ: ವಸ್ತು ಇಡಿಯಾಗಿ ಇರುವವರೆಗೆ ಅಪಾಯ ಕಡಿಮೆ, ಬೆಲೆ ಹೆಚ್ಚು. ಒಡೆದರೆ, ಬಿಚ್ಚಿದರೆ, ಸುಟ್ಟರೆ ಲೆಕ್ಕ ಉಲ್ಟಾ.

ಪ್ಯಾನೆಲ್ ಕರೆಂಟ್ ಕೊಡುತ್ತಿಲ್ಲ. ಪೂರ್ತಿ ಹೋಗಿದೆಯೋ, ರಿಪೇರಿ ಆಗುತ್ತದೋ ಹೇಗೆ ತಿಳಿಯಬೇಕು?

ಮೊದಲು ತೊಳೆಯಿರಿ, ಆಮೇಲೆ ಮೀಟರ್ ಹಿಡಿಯಿರಿ. ಎರೆಹೊಲದ ಧೂಳಿನ ಮೇಲೆ ನಾಲ್ಕು ಹನಿ ಮಳೆ ಬಿದ್ದು ಒಣಗಿದರೆ ಫ್ರೇಮಿನ ಕೆಳ ಅಂಚಿಗೆ ಕೆಸರು ಗಿಲಾವಿನಂತೆ ಹತ್ತಿ ಕೂರುತ್ತದೆ. ಉದ್ದಕ್ಕೆ ನಿಲ್ಲಿಸಿದ ಹಳೆಯ ಮಾದರಿಯ ಪ್ಯಾನೆಲ್ಲಿನಲ್ಲಿ ಕೆಳಗಿನ ಒಂದು ಸಾಲು ಸೆಲ್ ಮುಚ್ಚಿದರೆ ಸಾಕು, ಉತ್ಪಾದನೆ ನೆಲ ಕಚ್ಚುತ್ತದೆ.

ತೊಳೆದ ಮೇಲೂ ಹಾಗೇ ಇದ್ದರೆ, ಮೋಡವಿಲ್ಲದ ಮಧ್ಯಾಹ್ನ ಆ ಒಂದು ಪ್ಯಾನೆಲ್ಲನ್ನು ಸಾಲಿನಿಂದ ಬೇರ್ಪಡಿಸಿ (ಕ್ರಮ ಮುಂದೆ ಇದೆ) ಅದರ ಎರಡು ವೈರುಗಳ ನಡುವೆ ಡಿಸಿ ವೋಲ್ಟೇಜ್ ಅಳೆಯಿರಿ. 60 ಸೆಲ್ಲಿನದಕ್ಕೆ 37 ವೋಲ್ಟ್, 72 ಸೆಲ್ಲಿನದಕ್ಕೆ 45 ವೋಲ್ಟ್ ಆಸುಪಾಸು ಲೇಬಲ್ ಮೇಲೆ ಬರೆದಿರುತ್ತದೆ. ಬಿಸಿಲಿಗೆ ಕಾದ ಪ್ಯಾನೆಲ್ ಅದಕ್ಕಿಂತ ನಾಲ್ಕೈದು ವೋಲ್ಟ್ ಕಡಿಮೆ ತೋರಿಸುವುದು ಸಹಜ, ಅದಕ್ಕೆ ಗಾಬರಿ ಬೇಡ. ಆದರೆ ಸರಿಯಾಗಿ ಮೂರನೇ ಒಂದು ಭಾಗವೇ ಮಾಯವಾಗಿದ್ದರೆ ಹಿಂದಿನ ಜಂಕ್ಷನ್ ಬಾಕ್ಸಿನೊಳಗಿನ ಮೂರು ಬೈಪಾಸ್ ಡಯೋಡ್‌ಗಳಲ್ಲಿ (ಕೆಲಸ ಮಾಡದ ಸೆಲ್ಲುಗಳನ್ನು ಬಿಟ್ಟು ಕರೆಂಟ್ ದಾಟಿಸುವ ಚಿಕ್ಕ ಭಾಗ) ಒಂದು ಶಾರ್ಟ್ ಆಗಿರುವ ಸಾಧ್ಯತೆ ಹೆಚ್ಚು. ಸಿಡಿಲು ಬಿದ್ದ ಆಸುಪಾಸಿನಲ್ಲಿ ಇದು ಮಾಮೂಲು. ಬಾಕ್ಸಿಗೆ ಗೋಂದು ಸುರಿದು ಮುಚ್ಚಿಲ್ಲದಿದ್ದರೆ ಡಯೋಡ್ ಬದಲಿಸಬಹುದು. ಅಷ್ಟು ಚಿಕ್ಕ ಭಾಗಕ್ಕಾಗಿ ಒಳ್ಳೆಯ ಪ್ಯಾನೆಲ್ಲುಗಳು ಗುಜರಿ ಸೇರುತ್ತಿವೆ.

ವೋಲ್ಟೇಜ್ ಸರಿಯಿದ್ದರೆ ಶಾರ್ಟ್ ಸರ್ಕ್ಯೂಟ್ ಕರೆಂಟ್ (ಪ್ಯಾನೆಲ್ಲಿನ ಎರಡು ವೈರು ನೇರ ಸೇರಿಸಿದಾಗ ಹರಿಯುವುದು) ನೋಡಿ. ಇಲ್ಲೊಂದು ಎಚ್ಚರಿಕೆ. ಸಾಮಾನ್ಯ ಮಲ್ಟಿಮೀಟರ್ 10 ಆಂಪಿಯರ್‌ವರೆಗೆ ಮಾತ್ರ ತಡೆಯುತ್ತದೆ. ಹಳೆಯ 330 ವ್ಯಾಟಿನ ಪ್ಯಾನೆಲ್ 9 ಆಂಪಿಯರ್ ಚಿಲ್ಲರೆ ಕೊಡುತ್ತದೆ, ಈಗಿನ 540 ವ್ಯಾಟಿನದು 13ಕ್ಕೂ ಹೆಚ್ಚು. ಅದಕ್ಕೆ ಡಿಸಿ ಅಳೆಯುವ ಕ್ಲ್ಯಾಂಪ್ ಮೀಟರ್ ಬೇಕು, ಇಲ್ಲದಿದ್ದರೆ ಮೀಟರಿನ ಫ್ಯೂಸ್ ಹಾರುತ್ತದೆ.

ಗಾಜಿನ ಕೆಳಗೆ ಕಂದು ಸುಟ್ಟ ಕಲೆ, ಹಿಂದಿನ ಬಿಳಿ ಹಾಳೆಯಲ್ಲಿ ಗುಳ್ಳೆ ಅಥವಾ ಬಿರುಕು, ಒಳಗೆ ಹೊಕ್ಕ ನೀರಿನ ಗುರುತು ಕಂಡರೆ ಅದು ರಿಪೇರಿಯ ಮಾಲಲ್ಲ.

ಉತ್ಪಾದನೆ ಕಡಿಮೆಯಾದ ಪ್ಯಾನೆಲ್ಲನ್ನು ದನದ ಕೊಟ್ಟಿಗೆಗೋ ತೋಟದ ಮನೆಗೋ ಹಾಕಿಕೊಳ್ಳಬಹುದೇ?

ಹಾಕಿಕೊಳ್ಳಬಹುದು. 80 ಪ್ರತಿಶತ ಕೊಡುವ ಪ್ಯಾನೆಲ್ ಎರಡು ಎಲ್‌ಇಡಿ ದೀಪ, ಒಂದು ಫ್ಯಾನಿಗೆ ಧಾರಾಳ. ಆದರೆ ಹೊಸ ಪ್ಯಾನೆಲ್ಲುಗಳ ಸರಣಿಯಲ್ಲಿ ಸೇರಿಸಬೇಡಿ. ಸರಣಿಯಲ್ಲಿ ಎಲ್ಲಕ್ಕಿಂತ ದುರ್ಬಲವಾದದ್ದು ಬಿಟ್ಟಷ್ಟೇ ಕರೆಂಟ್ ಹರಿಯುತ್ತದೆ.

ಬಳಸಲೇಬಾರದ ಒಂದು ಬಗೆಯಿದೆ. ಮಳೆ ಬಂದ ಮಾರನೇ ಬೆಳಿಗ್ಗೆ ಇನ್ವರ್ಟರ್ ‘ಐಸೋಲೇಷನ್ ಫಾಲ್ಟ್’ ತೋರಿಸಿ, ಬಿಸಿಲೇರಿದ ಮೇಲೆ ತಾನೇ ಸರಿಹೋಗುತ್ತಿದ್ದರೆ ಯಾವುದೋ ಪ್ಯಾನೆಲ್ಲಿನ ಹಿಂದಿನ ಹಾಳೆ ಸೀಳಿದೆ, ಇಲ್ಲವೇ ಕನೆಕ್ಟರಿಗೆ ನೀರು ಹೊಕ್ಕಿದೆ. ಕನೆಕ್ಟರ್ ಆದರೆ ಬದಲಿಸಿ. ಹಾಳೆ ಆದರೆ ಫ್ರೇಮಿಗೇ ಕರೆಂಟ್ ಇಳಿಯುತ್ತದೆ. ದನ ಮೈ ಉಜ್ಜುವ ಜಾಗಕ್ಕೆ ಅಂಥದ್ದನ್ನು ಒಯ್ಯಬಾರದು.

ಮಾಳಿಗೆಯಿಂದ ನಾವೇ ಇಳಿಸಬಹುದೇ?

ಒಂದೆರಡು ಪ್ಯಾನೆಲ್ಲಿನ ಮನೆದೀಪದ ವ್ಯವಸ್ಥೆಯಾದರೆ ಎಚ್ಚರದಿಂದ ಇಳಿಸಬಹುದು. ಗ್ರಿಡ್‌ಗೆ ಜೋಡಿಸಿದ ಮಾಳಿಗೆ ಸೋಲಾರ್ ಆದರೆ ಬಲ್ಲ ಎಲೆಕ್ಟ್ರಿಷಿಯನ್ ಇರಲಿ. 45 ವೋಲ್ಟಿನ ಹತ್ತು ಪ್ಯಾನೆಲ್ ಸರಣಿಯಲ್ಲಿದ್ದರೆ 450 ವೋಲ್ಟ್ ಡಿಸಿ. ಮನೆಯ ಮೇನ್ ಸ್ವಿಚ್ ತೆಗೆದರೂ ಅದು ಹೋಗುವುದಿಲ್ಲ, ಬೆಳಕಿರುವವರೆಗೆ ಪ್ಯಾನೆಲ್ ಉತ್ಪಾದಿಸುತ್ತಲೇ ಇರುತ್ತದೆ.

ಕ್ರಮ ಹೀಗೆ: ಇನ್ವರ್ಟರಿನ ಎಸಿ ಬದಿ ಮೊದಲು ಬಂದ್, ಆಮೇಲೆ ಡಿಸಿ ಐಸೋಲೇಟರ್ (ಪ್ಯಾನೆಲ್ ಬದಿಯ ಸ್ವಿಚ್) ಬಂದ್. ಹತ್ತು ನಿಮಿಷ ಬಿಡಿ, ಕೆಪಾಸಿಟರ್ ಖಾಲಿಯಾಗಲಿ. ಕ್ಲ್ಯಾಂಪ್ ಮೀಟರಿನಲ್ಲಿ ಕರೆಂಟ್ ಸೊನ್ನೆ ಇದೆಯೆಂದು ನೋಡಿದ ಮೇಲೆ ದಪ್ಪ ತಾಡಪಾಲು ಹೊದಿಸಿ ಕನೆಕ್ಟರ್ ಬಿಚ್ಚಿ. ಕರೆಂಟ್ ಹರಿಯುವಾಗ ಕನೆಕ್ಟರ್ ಎಳೆದರೆ ಹುಟ್ಟುವ ಡಿಸಿ ಕಿಡಿ ಎಸಿ ಕಿಡಿಯಂತೆ ತಟ್ಟನೆ ಆರುವುದಿಲ್ಲ. ಪ್ಲಾಸ್ಟಿಕ್ ಕರಗಿಸಿ, ಕೈ ಸುಟ್ಟು, ಆಮೇಲೂ ಉರಿಯುತ್ತದೆ. ಬಿಚ್ಚಿದ ತುದಿಗಳಿಗೆ ಟೇಪ್ ಸುತ್ತಿ.

ಒಂದು ಪ್ಯಾನೆಲ್ಲಿಗೆ ಇಬ್ಬರು. 72 ಸೆಲ್ಲಿನದು ಸುಮಾರು 22 ಕೆ.ಜಿ., ದೊಡ್ಡವು 28ರವರೆಗೆ. ತೂಕಕ್ಕಿಂತ ಗಾಳಿಯದೇ ಕಾಟ. ಆಷಾಢದ ಗಾಳಿಯಲ್ಲಿ ಗದಗ ಕಡೆ ಈ ಕೆಲಸಕ್ಕೆ ಕೈಹಾಕದಿರುವುದೇ ಲೇಸು. ಜಂಕ್ಷನ್ ಬಾಕ್ಸಿನ ವೈರ್ ಹಿಡಿದು ಎತ್ತಬೇಡಿ, ಗಾಜಿನ ಮೇಲೆ ಕಾಲಿಡಬೇಡಿ. ಕೆಳಗಿಳಿಸಿದ ಮೇಲೆ ಮೂಲೆಗಳಿಗೆ ರಟ್ಟು ಕೊಟ್ಟು, ಮಳೆ ತಾಗದ ಕಡೆ ಜೋಡಿಸಿಡಿ.

ವಿದ್ಯುತ್ ಕಂಪನಿ ಹೆಸ್ಕಾಂಗೆ ತಿಳಿಸಬೇಕೇ?

ನೆಟ್ ಮೀಟರ್ (ಗ್ರಿಡ್‌ಗೆ ಕೊಟ್ಟ, ಗ್ರಿಡ್‌ನಿಂದ ಪಡೆದ ಕರೆಂಟಿನ ಲೆಕ್ಕ ಇಡುವುದು) ಇದ್ದರೆ ತಿಳಿಸಬೇಕು. ಒಪ್ಪಂದದಲ್ಲಿ ಘಟಕದ ಸಾಮರ್ಥ್ಯ ಬರೆದಿರುತ್ತದೆ. ಪೂರ್ತಿ ತೆಗೆದರೂ, 330ರ ಜಾಗಕ್ಕೆ 540 ವ್ಯಾಟಿನದು ಕೂರಿಸಿದರೂ ಮೊದಲು ಉಪವಿಭಾಗ ಕಚೇರಿಗೆ ಅರ್ಜಿ ಕೊಡಿ.

ಗುಜರಿ ಅಂಗಡಿಯವರು ಪ್ಯಾನೆಲ್ಲಿಗೆ ಹಣ ಕೊಡುತ್ತೇವೆ ಎನ್ನುತ್ತಾರೆ. ಕೊಟ್ಟರೆ ಏನು ತಪ್ಪು?

ಅವರು ಹಣ ಕೊಡುವುದು ಪ್ಯಾನೆಲ್ಲಿಗಲ್ಲ, ಅಂಚಿನ ಅಲ್ಯೂಮಿನಿಯಂ ಮತ್ತು ವೈರಿನ ತಾಮ್ರಕ್ಕೆ. 22 ಕೆ.ಜಿ. ಪ್ಯಾನೆಲ್ಲಿನಲ್ಲಿ ಅಲ್ಯೂಮಿನಿಯಂ ಎರಡು-ಎರಡೂವರೆ ಕೆ.ಜಿ. ಇರಬಹುದು. ಗಾಜೇ 15 ಕೆ.ಜಿ. ದಾಟುತ್ತದೆ. ಉಳಿದದ್ದು ಸೆಲ್ಲಿನ ಹಿಂದೆ-ಮುಂದೆ ಅಂಟಿಸಿದ ಪ್ಲಾಸ್ಟಿಕ್ ಪದರ, ಹಿಂದಿನ ಹಾಳೆ, ಒಂದು ಕೆ.ಜಿ.ಗೂ ಕಡಿಮೆ ಸಿಲಿಕಾನ್, ಕೆಲವೇ ಗ್ರಾಂ ಬೆಳ್ಳಿ, ಬೆಸುಗೆಯಲ್ಲಿ ಸ್ವಲ್ಪ ಸೀಸ. ಫ್ರೇಮ್ ಕಿತ್ತ ಕೂಡಲೇ ಗಾಜು ಪುಡಿಪುಡಿಯಾಗುತ್ತದೆ, ಆದರೂ ಪ್ಲಾಸ್ಟಿಕ್ಕಿಗೆ ಅಂಟಿಕೊಂಡೇ ಇರುತ್ತದೆ. ಆ ಚಕ್ಕಳ ಗುಜರಿಯವರಿಗೆ ಬೇಡ. ಹಳ್ಳದ ದಂಡೆಗೆ, ಇಲ್ಲವೇ ಹುಬ್ಬಳ್ಳಿಯ ಕಾರವಾರ ರಸ್ತೆಯ, ಧಾರವಾಡದ ಹೊಸಯಲ್ಲಾಪುರದ ಕಸದ ಗುಡ್ಡೆಗಳಿಗೆ ಹೋಗುವುದು ಅದೇ. ಕೆಲವರು ಪದರ ಬಿಡಿಸಲು ಬೆಂಕಿ ಹಚ್ಚುತ್ತಾರೆ. ಹಿಂದಿನ ಹಾಳೆಯಲ್ಲಿ ಫ್ಲೋರಿನ್ ಇರುವ ಪ್ಲಾಸ್ಟಿಕ್ ಇದ್ದರೆ ಆ ಹೊಗೆಯಲ್ಲಿ ಹೈಡ್ರೋಜನ್ ಫ್ಲೋರೈಡ್ ಇರುತ್ತದೆ, ಶ್ವಾಸಕೋಶಕ್ಕೆ ಅದು ನೇರ ವಿಷ.

ನೋಂದಾಯಿತ ಮರುಬಳಕೆ ಘಟಕಕ್ಕೂ ಫ್ರೇಮ್ ಸಮೇತದ ಇಡೀ ಪ್ಯಾನೆಲ್ಲೇ ಬೇಕು. ಫ್ರೇಮ್ ಮಾರಿಕೊಂಡು ಉಳಿದದ್ದನ್ನು ‘ತಗೊಂಡು ಹೋಗ್ರಿ’ ಎಂದರೆ ಅವರು ಸಾಗಾಟದ ಖರ್ಚನ್ನು ನಿಮ್ಮ ಮೇಲೆ ಹಾಕುತ್ತಾರೆ. ಅದು ನ್ಯಾಯವೂ ಹೌದು.

ಆಲಿಕಲ್ಲಿಗೋ ಮಂಗನ ಕಲ್ಲಿಗೋ ಗಾಜು ಒಡೆದಿದೆ. ಸದ್ಯಕ್ಕೆ ಏನು ಮಾಡಬೇಕು?

ಒಡೆದರೂ ಅದರಲ್ಲಿ ಕರೆಂಟ್ ಇದೆ, ಒದ್ದೆಯಾಗಿದ್ದರೆ ಮುಟ್ಟಬೇಡಿ. ಒಣಗಿದ ಮೇಲೆ, ಸಂಜೆ ಬೆಳಕು ತಗ್ಗಿದಾಗ ರಬ್ಬರ್ ಕೈಗವಸು ಹಾಕಿ ಇಳಿಸಿ ದಪ್ಪ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ. ಬಯಲಿನಲ್ಲಿ ಬಿಟ್ಟರೆ ಮಳೆನೀರಿನ ಜೊತೆ ಸೀಸ ತೊಳೆದು ಹೋಗುತ್ತದೆ. ವಿಮೆ ಇದ್ದರೆ ಇಳಿಸುವ ಮೊದಲೇ ಫೋಟೊ ತೆಗೆದಿಡಿ, ಸೀರಿಯಲ್ ನಂಬರ್ ಕಾಣುವಂತೆ.

ಕುಸುಮ್ ಯೋಜನೆಯ ಸೋಲಾರ್ ಪಂಪಿನ ಪ್ಯಾನೆಲ್ ಕೆಟ್ಟಿದೆ. ಮಾರಬಹುದೇ?

ಮಾರುವ ಮಾತು ಆಮೇಲೆ. ಸಬ್ಸಿಡಿ ಪಂಪಿಗೆ ಮೊದಲ 5 ವರ್ಷದ ನಿರ್ವಹಣೆ ಕೂರಿಸಿದ ಕಂಪನಿಯದೇ. ಪ್ಯಾನೆಲ್ಲಿನ ವಾರಂಟಿ ಇನ್ನೂ ಉದ್ದ: 10 ವರ್ಷಕ್ಕೆ 90 ಪ್ರತಿಶತ, 25 ವರ್ಷಕ್ಕೆ 80 ಪ್ರತಿಶತ ಉತ್ಪಾದನೆಯ ಭರವಸೆ ಇರುತ್ತದೆ. ಬದಲಿ ಪ್ಯಾನೆಲ್ ಬಂದರೆ ಹಳೆಯದನ್ನು ಕಂಪನಿಯವರೇ ಒಯ್ಯಬೇಕೆಂದು ಚೀಟಿಯಲ್ಲಿ ಬರೆಸಿಕೊಳ್ಳಿ. ಬಾಯಿಮಾತಿಗೆ ಬಿಟ್ಟರೆ ಅದು ನಿಮ್ಮ ಬದುವಿನಲ್ಲೇ ಬಿದ್ದಿರುತ್ತದೆ.

ಇನ್ವರ್ಟರ್ ಬ್ಯಾಟರಿ ಹೋಗಿದೆ. ಆ್ಯಸಿಡ್ ಚೆಲ್ಲಿ ತಂದರೆ ಒಳ್ಳೆಯ ರೇಟ್ ಕೊಡುತ್ತೇವೆ ಎನ್ನುತ್ತಾರೆ. ಚೆಲ್ಲಬಹುದೇ?

ಖಂಡಿತ ಬೇಡ. ಈ ಪುಟದಲ್ಲಿ ಒಂದೇ ಉತ್ತರ ಓದುವುದಾದರೆ ಇದನ್ನು ಓದಿ.

150 ಆಂಪಿಯರ್-ಅವರ್ ಟ್ಯೂಬ್ಯುಲರ್ ಬ್ಯಾಟರಿ ತುಂಬಿದಾಗ 50ರಿಂದ 60 ಕೆ.ಜಿ. ತೂಗುತ್ತದೆ. ಅದರಲ್ಲಿ 15ರಿಂದ 20 ಲೀಟರ್ ಗಂಧಕಾಮ್ಲದ ದ್ರಾವಣ. ಕೊಳ್ಳುವವರಿಗೆ ಬೇಕಿರುವುದು ಸೀಸ, ಅದಕ್ಕೇ ಖಾಲಿ ತೂಕ ಕೇಳುತ್ತಾರೆ. ಆ ದ್ರಾವಣ ಬರೀ ಆ್ಯಸಿಡ್ ಅಲ್ಲ, ಪ್ಲೇಟಿನಿಂದ ಉದುರಿದ ಸೀಸದ ಪುಡಿ ಅದರಲ್ಲಿ ಕದಡಿರುತ್ತದೆ. ಗಟಾರಕ್ಕೆ ಚೆಲ್ಲಿದರೆ ಆ್ಯಸಿಡ್ ಮಣ್ಣಿನ ಸುಣ್ಣದೊಂದಿಗೆ ಸೇರಿ ತಣ್ಣಗಾಗಬಹುದು, ಸೀಸ ಮಾತ್ರ ಅಲ್ಲೇ ಉಳಿಯುತ್ತದೆ. ಧೂಳಾಗಿ ಬಟ್ಟೆಗೆ ಹತ್ತಿ ಮನೆಯೊಳಗೆ ಬರುತ್ತದೆ. ಸಣ್ಣ ಮಕ್ಕಳ ಮೈ ದೊಡ್ಡವರಿಗಿಂತ ಹೆಚ್ಚು ಸೀಸ ಹೀರುತ್ತದೆ, ಪೆಟ್ಟು ಬೀಳುವುದು ಬುದ್ಧಿ ಬೆಳವಣಿಗೆಗೆ.

ಸರಿಯಾದ ದಾರಿ ಸುಲಭವೂ ಹೌದು. ಹೊಸ ಬ್ಯಾಟರಿ ಕೊಳ್ಳುವ ಅಂಗಡಿಗೇ ಹಳೆಯದನ್ನು ಆ್ಯಸಿಡ್ ಸಮೇತ ಕೊಡಿ. ಹಳೆಯದು ಕೊಟ್ಟರೆ ಎಷ್ಟು, ಕೊಡದಿದ್ದರೆ ಎಷ್ಟು ಎಂದು ಎರಡು ರೇಟ್ ಕೇಳಿ. ಹುಬ್ಬಳ್ಳಿಯ ಕೊಪ್ಪಿಕರ ರಸ್ತೆಯಲ್ಲಿ ಕೇಳಿದ ರೇಟಿಗೂ ನಿಮ್ಮ ಊರಿನ ಅಂಗಡಿಯ ರೇಟಿಗೂ ವ್ಯತ್ಯಾಸ ಇದ್ದೇ ಇರುತ್ತದೆ, ಸೀಸದ ಬೆಲೆ ಏರಿಳಿಯುವುದರಿಂದ ಹೋದ ತಿಂಗಳ ಲೆಕ್ಕ ಹಿಡಿದು ಜಗಳಾಡಬೇಡಿ. ಬಿಲ್ಲಿನಲ್ಲಿ ಹಳೆಯ ಬ್ಯಾಟರಿಯ ಆಂಪಿಯರ್-ಅವರ್ ಮತ್ತು ಕಡಿತ ಮಾಡಿದ ಮೊತ್ತ ಕಾಣಬೇಕು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿಗಳನ್ನು ಸಂಗ್ರಹಿಸಿ ಮರುಬಳಕೆಗೆ ಕಳಿಸುವ ಹೊಣೆ ತಯಾರಕರದು. ಬೇರೆ ಕಸದೊಂದಿಗೆ ಬೆರೆಸದೆ ಸರಿಯಾದ ಸಂಗ್ರಹಕಾರರಿಗೆ ಒಪ್ಪಿಸುವುದು ಬಳಕೆದಾರನ ಕರ್ತವ್ಯ.

ಸಾಗಿಸುವಾಗ ನೆಟ್ಟಗೆ ನಿಲ್ಲಿಸಿ, ಮುಚ್ಚಳ ಬಿಗಿ ಮಾಡಿ, ಟರ್ಮಿನಲ್‌ಗೆ ಟೇಪ್ ಸುತ್ತಿ. ಬೈಕಿನ ಮೇಲೆ ಕಾಲ ನಡುವೆ ಇಟ್ಟುಕೊಂಡು ಒಯ್ಯುವವರ ತೊಡೆ ಸುಟ್ಟದ್ದಕ್ಕೆ ಲೆಕ್ಕವಿಲ್ಲ. ನೆಲಕ್ಕೆ ಸ್ವಲ್ಪ ಚೆಲ್ಲಿದರೆ ಅಡುಗೆ ಸೋಡಾ ಉದುರಿಸಿ, ನೊರೆ ನಿಲ್ಲುವವರೆಗೆ. ಕಣ್ಣಿಗೆ ಸಿಡಿದರೆ ಕನಿಷ್ಠ 15 ನಿಮಿಷ ಬರೀ ನೀರು ಹರಿಸಿ, ನೇರ ಆಸ್ಪತ್ರೆಗೆ ಹೋಗಿ.

ಬ್ಯಾಟರಿ ನಿಜಕ್ಕೂ ಸತ್ತಿದೆಯೇ ಎಂದು ನೋಡುವುದು ಹೇಗೆ?

ಪೂರ್ತಿ ಚಾರ್ಜ್ ಮಾಡಿ ನಾಲ್ಕೈದು ತಾಸು ಬಿಟ್ಟು ಅಳೆದರೆ 12.6-12.7 ವೋಲ್ಟ್ ಬರಬೇಕು. 10.5ರ ಸುತ್ತ ನಿಂತರೆ ಆರು ಸೆಲ್ಲುಗಳಲ್ಲಿ ಒಂದು ಹೋಗಿದೆ. ಹೈಡ್ರೋಮೀಟರಿನಲ್ಲಿ (ಆ್ಯಸಿಡ್ ಸಾಂದ್ರತೆ ಅಳೆಯುವ ಸಾಧನ) ಐದು ಸೆಲ್ 1.230 ತೋರಿಸಿ ಒಂದು 1.100ಕ್ಕೆ ಇಳಿದಿದ್ದರೂ ಅದೇ ಅರ್ಥ. ಎಲ್ಲ ಆರೂ ಸಮನಾಗಿ ಕಡಿಮೆ ಇದ್ದರೆ ಚಾರ್ಜ್ ಸಾಲದು, ಇನ್ವರ್ಟರಿನ ಚಾರ್ಜರ್ ನೋಡಿಸಿ. ನಮ್ಮ ಕಡೆ ಬ್ಯಾಟರಿ ಬೇಗ ಸಾಯಲು ದೊಡ್ಡ ಕಾರಣ ಡಿಸ್ಟಿಲ್ಡ್ ವಾಟರ್ ಬದಲು ಸವಳು ಬೋರ್ ನೀರು ಹಾಕುವುದು.

ಸ್ಪ್ರೇ ಪಂಪು, ಸೋಲಾರ್ ಬೇಲಿಯ ಚಿಕ್ಕ ಬ್ಯಾಟರಿಗಳು?

ಬ್ಯಾಡಗಿ, ರಾಣೆಬೆನ್ನೂರು ಕಡೆ ಮೆಣಸಿನಕಾಯಿ, ಹತ್ತಿಗೆ ಔಷಧ ಹೊಡೆಯುವ ಪಂಪಿನೊಳಗಿನ 12 ವೋಲ್ಟ್, 8 ಆಂಪಿಯರ್-ಅವರ್ ಬ್ಯಾಟರಿಯೂ ಬಹುಪಾಲು ಸೀಸದ್ದೇ. ಎರಡು-ಮೂರು ಹಂಗಾಮಿಗೆ ಹೋಗುತ್ತದೆ, ಚಿಕ್ಕದೆಂದು ಹೊಲದಲ್ಲೇ ಒಗೆಯುತ್ತಾರೆ. ಒಂದೊಂದೇ ಕೊಂಡೊಯ್ದರೆ ಅಂಗಡಿಯವರು ಮುಖ ನೋಡುವುದಿಲ್ಲ. ಓಣಿಯವರು ಹತ್ತು-ಇಪ್ಪತ್ತು ಕೂಡಿಸಿ ಒಯ್ದರೆ ತೂಕಕ್ಕೆ ತೆಗೆದುಕೊಳ್ಳುತ್ತಾರೆ. ಔಷಧದ ಅಂಟು ಇರುವುದರಿಂದ ಮೊದಲು ಒರೆಸಿ.

ಎಲೆಕ್ಟ್ರಿಕ್ ಸ್ಕೂಟರಿನ ಲಿಥಿಯಂ ಪ್ಯಾಕ್ ಉಬ್ಬಿದೆ. ಏನು ಮಾಡಲಿ?

ಚಾರ್ಜ್ ಹಾಕುವುದನ್ನು ಈಗಲೇ ನಿಲ್ಲಿಸಿ. ಚುಚ್ಚಿ ಗಾಳಿ ತೆಗೆಯುವ ಯೋಚನೆ ಬೇಡ. ಒಳಗಿರುವುದು ಉರಿಯುವ ಅನಿಲ. ಸಾಧ್ಯವಾದರೆ ಮನೆಯಿಂದ ದೂರ, ಹೊಟ್ಟು-ಕಣಿಕೆ ಇಲ್ಲದ ಕಡೆ, ನೆರಳಿನಲ್ಲಿ ಮರಳು ತುಂಬಿದ ಕಬ್ಬಿಣದ ಬಾಣಲೆಯಲ್ಲಿಟ್ಟು ಸರ್ವಿಸ್ ಸೆಂಟರಿಗೆ ಫೋನ್ ಮಾಡಿ. ಬಸ್ಸಿನಲ್ಲಿ ಒಯ್ಯಬೇಡಿ. ಹೊಗೆ ಶುರುವಾದರೆ ಜನ ಮೊದಲು ದೂರ ಹೋಗಬೇಕು, ಅಗ್ನಿಶಾಮಕಕ್ಕೆ 101 ಅಥವಾ 112. ಬೆಂಕಿ ಆರಿದಂತೆ ಕಂಡರೂ ಒಳಗಿನ ಸೆಲ್ಲುಗಳು ಒಂದರಿಂದ ಇನ್ನೊಂದಕ್ಕೆ ಬಿಸಿ ದಾಟಿಸಿ ತಾಸುಗಳ ನಂತರ ಮತ್ತೆ ಹೊತ್ತಿಕೊಳ್ಳುತ್ತವೆ.

ಉಬ್ಬದೆ, ಬರೀ ಮೈಲೇಜ್ ಇಳಿದ ಪ್ಯಾಕ್ ಆದರೆ ಗಡಿಬಿಡಿ ಇಲ್ಲ. 70-80 ಪ್ರತಿಶತ ಉಳಿದ ಸೆಲ್ಲುಗಳು ಮನೆಯ ಇನ್ವರ್ಟರಿಗೆ ಇನ್ನೂ ಕೆಲವು ವರ್ಷ ಬರುತ್ತವೆ. ಆದರೆ ಬೇರೆಬೇರೆ ಪ್ಯಾಕಿನ ಸೆಲ್ ಬೆರೆಸಿ, ಬಿಎಂಎಸ್ (ಸೆಲ್ಲುಗಳ ಚಾರ್ಜ್, ಬಿಸಿ ಕಾಯುವ ಸರ್ಕ್ಯೂಟ್) ಇಲ್ಲದೆ ಬೆಸುಗೆ ಹಾಕಿಕೊಡುವ ಅಂಗಡಿಗಳಿಂದ ದೂರವಿರಿ. ಬೆಲೆಯ ವಿಷಯ: ನಿಕ್ಕಲ್, ಕೋಬಾಲ್ಟ್ ಇರುವ ಪ್ಯಾಕಿಗೆ ಗಿರಾಕಿ ಇದೆ. ಲಿಥಿಯಂ ಐರನ್ ಫಾಸ್ಫೇಟ್‌ನಲ್ಲಿ ಅವೆರಡೂ ಇಲ್ಲ, ಹಾಗಾಗಿ ಕೊಳ್ಳುವವರು ಹಿಂದೇಟು ಹಾಕುತ್ತಾರೆ.

ಇನ್ನೊಂದು ವಿಷಯ ಅಂಗಡಿಯವರೂ ಗಮನಿಸಲಿ. ಸೀಸದ ಬ್ಯಾಟರಿಯಂಥದೇ ಡಬ್ಬಿಯಲ್ಲಿ ಲಿಥಿಯಂ ಈಗ ಬರುತ್ತಿದೆ. ಅದು ಸೀಸ ಕರಗಿಸುವ ಕುಲುಮೆಯ ರಾಶಿಗೆ ಸೇರಿದರೆ ಸಿಡಿಯುತ್ತದೆ. ಆಕಾರಕ್ಕೆ ಹೋಲಿಸಿದರೆ ತೀರಾ ಹಗುರ ಅನಿಸಿದರೆ ಲೇಬಲ್ ಓದಿ, ಮಾರ್ಕರಿನಿಂದ ‘ಲಿಥಿಯಂ’ ಎಂದು ಬರೆದು ಬೇರೆ ಇಡಿ.

ಸೋಲಾರ್ ವಾಟರ್ ಹೀಟರ್ ಸೋರುತ್ತಿದೆ. ಪೂರ್ತಿ ತೆಗೆದುಹಾಕಬೇಕೇ?

ಗಾಜಿನ ಟ್ಯೂಬಿನದಾದರೆ ಒಂದೊಂದೇ ಟ್ಯೂಬ್ ಬದಲಿಸಬಹುದು. ಟ್ಯೂಬಿನ ಮುಚ್ಚಿದ ತುದಿಯಲ್ಲಿ ಕನ್ನಡಿಯಂಥ ಬೆಳ್ಳಿ ಬಣ್ಣದ ಲೇಪವಿರುತ್ತದೆ, ಅದು ಬೇರಿಯಂ. ನಿರ್ವಾತ ಹೋದ ಟ್ಯೂಬಿನಲ್ಲಿ ಅದು ಹಾಲಿನಂತೆ ಬಿಳುಚುತ್ತದೆ. ಅಂಥವನ್ನಷ್ಟೇ ತೆಗೆಯಿರಿ. ನೀರು ಖಾಲಿ ಮಾಡಿ, ಬಿಸಿಲಿಗೆ ಕಾದ ಟ್ಯೂಬಿಗೆ ತಣ್ಣೀರು ಬಿಡದೆ, ಬೆಳಗಿನ ಜಾವ ಈ ಕೆಲಸ ಮಾಡಿ. ಇದು ಬೋರೋಸಿಲಿಕೇಟ್ ಗಾಜು, ಬಾಟಲಿ ಗಾಜಿಗಿಂತ ಹೆಚ್ಚು ಶಾಖಕ್ಕೆ ಕರಗುವಂಥದ್ದು. ಬಾಟಲಿಯ ಚೀಲಕ್ಕೆ ಬೆರೆಸಿದರೆ ಗುಜರಿಯವರ ಇಡೀ ಮಾಲು ಕೆಡುತ್ತದೆ, ಬೇರೆಯೇ ಕಟ್ಟಿಡಿ.

ಹಳೆಯ ಫ್ಲ್ಯಾಟ್ ಪ್ಲೇಟ್ ಮಾದರಿಯಲ್ಲಿ ತಾಮ್ರದ ಕೊಳವೆಗಳಿವೆ, ಒಳ್ಳೆಯ ಬೆಲೆ ಬರುತ್ತದೆ. ‘ಲೋಖಂಡದ’ (ಕಬ್ಬಿಣದ) ತೂಕಕ್ಕೆ ಕೊಟ್ಟುಬಿಡಬೇಡಿ. ಟ್ಯಾಂಕಿನ ಒಳಪದರದ ಸ್ಟೀಲ್ ಬಿಡಿಸಲು ಸುತ್ತಲಿನ ಹಳದಿ ಫೋಮ್ ಸುಡುವವರಿದ್ದಾರೆ, ಆ ಹೊಗೆಯಲ್ಲಿ ಸಯನೈಡ್ ಅನಿಲ ಇರುತ್ತದೆ. ಗರಗಸದಿಂದ ಕೊಯ್ದು ತೆಗೆಯಬೇಕು.

ಇನ್ವರ್ಟರ್, ಚಾರ್ಜ್ ಕಂಟ್ರೋಲರ್, ಬೀದಿದೀಪ?

ಇವು ಇ-ತ್ಯಾಜ್ಯ (ಎಲೆಕ್ಟ್ರಾನಿಕ್ ಕಸ). ಮನೆಯಲ್ಲಿ ಬಿಚ್ಚಬೇಡಿ. ಕಂಬದ ಸೋಲಾರ್ ದೀಪ ಗುಜರಿಗೆ ಹಾಕುವ ಪಂಚಾಯಿತಿಗಳು ಪೆಟ್ಟಿಗೆಯೊಳಗೆ ಬ್ಯಾಟರಿ ಉಳಿದಿದೆಯೇ ನೋಡಿಕೊಳ್ಳಬೇಕು. ಎಷ್ಟೋ ಸಲ ಅದನ್ನು ಮೊದಲೇ ಯಾರೋ ಒಯ್ದಿರುತ್ತಾರೆ, ದಾಖಲೆಯಲ್ಲಿ ಮಾತ್ರ ಇರುತ್ತದೆ.

ನಮ್ಮ ಹೊಲದಲ್ಲಿ ಗಾಳಿಯಂತ್ರ ಇದೆ. ಲೀಸ್ ಮುಗಿದ ಮೇಲೆ ಯಾರು ತೆಗೆಯಬೇಕು?

ನಿಮ್ಮ ಕರಾರಿನಲ್ಲಿ ಏನು ಬರೆದಿದೆಯೋ ಅದೇ, ಆದ್ದರಿಂದ ಈಗಲೇ ತೆಗೆದು ಓದಿ. ಗದಗ, ಹಾವೇರಿ ಜಿಲ್ಲೆಗಳ ಹಳೆಯ ಯಂತ್ರಗಳು 20-25 ವರ್ಷದ ಆಯುಷ್ಯಕ್ಕೆ ಹತ್ತಿರವಾಗುತ್ತಿವೆ. ಹಳೆಯ ಚಿಕ್ಕ ಯಂತ್ರ ತೆಗೆದು ದೊಡ್ಡದು ನಿಲ್ಲಿಸಲು ಕೇಂದ್ರ ಸರ್ಕಾರ 2016ರಲ್ಲಿ ನೀತಿ ತಂದು 2023ರಲ್ಲಿ ಪರಿಷ್ಕರಿಸಿದೆ. ಹಾಗಾಗಿ ಕಂಪನಿಯವರು ಕರಾರು ನವೀಕರಣಕ್ಕೆ ಬರುವ ಸಂಭವವಿದೆ, ಚೌಕಾಸಿಗೆ ಅದೇ ಸರಿಯಾದ ಹೊತ್ತು.

ಬರೆಸಬೇಕಾದದ್ದು: ಕಂಬ, ರೆಕ್ಕೆ, ಟ್ರಾನ್ಸ್‌ಫಾರ್ಮರ್, ನೆಲದೊಳಗಿನ ಕೇಬಲ್ ಎಲ್ಲವನ್ನೂ ಇಷ್ಟು ತಿಂಗಳಲ್ಲಿ ತೆಗೆಯಬೇಕು. ಕಾಂಕ್ರೀಟ್ ಬುನಾದಿಯನ್ನು ನೆಲಮಟ್ಟದಿಂದ ಕನಿಷ್ಠ ಒಂದು ಮೀಟರ್ ಆಳದವರೆಗೆ ಒಡೆದು ಮೇಲೆ ಎರೆಮಣ್ಣು ತುಂಬಬೇಕು, ಇಲ್ಲದಿದ್ದರೆ ನೇಗಿಲು ಹೋಗುವುದಿಲ್ಲ. ಕ್ರೇನ್ ಓಡಾಡಿ ಗಟ್ಟಿಯಾದ ನೆಲಕ್ಕೆ ಆಳದ ಉಳುಮೆಯ ಖರ್ಚು ಬೇರೆ. ಇದಕ್ಕೆಲ್ಲ ಬ್ಯಾಂಕ್ ಗ್ಯಾರಂಟಿ ಕೇಳಿ. ಕಂಪನಿ ಕೈಬದಲಾದಾಗ ಹಳೆಯ ಮಾತು ನೆನಪಿಸಿಕೊಳ್ಳುವವರು ಇರುವುದಿಲ್ಲ.

ಕಂಬದ ಉಕ್ಕು, ಜನರೇಟರಿನ ತಾಮ್ರಕ್ಕೆ ಗಿರಾಕಿಗಳು ಸಾಲು ನಿಲ್ಲುತ್ತಾರೆ, ತೂಕದ ಲೆಕ್ಕದಲ್ಲಿ ಯಂತ್ರದ 85-90 ಪ್ರತಿಶತ ಹೀಗೆ ಮಾರಾಟವಾಗುತ್ತದೆ. ತಕರಾರು ರೆಕ್ಕೆಯದು. ರೋಟರ್ ವ್ಯಾಸ 50 ಮೀಟರ್ ಇದ್ದರೆ ಒಂದೊಂದು ರೆಕ್ಕೆ ಸುಮಾರು 24 ಮೀಟರ್ ಉದ್ದ. ಗಾಜಿನ ನಾರು, ಎಪಾಕ್ಸಿ ರಾಳ, ನಡುವೆ ಬಾಲ್ಸಾ ಕಟ್ಟಿಗೆ ಅಥವಾ ಫೋಮ್. ಎಪಾಕ್ಸಿ ಒಮ್ಮೆ ಗಟ್ಟಿಯಾದರೆ ಮತ್ತೆ ಕರಗುವುದಿಲ್ಲ. ಈಗಿರುವ ವ್ಯಾವಹಾರಿಕ ದಾರಿ ತುಂಡರಿಸಿ ಸಿಮೆಂಟ್ ಕುಲುಮೆಗೆ ಹಾಕುವುದು: ರಾಳ ಇಂಧನವಾಗುತ್ತದೆ, ಗಾಜಿನ ನಾರು ಸಿಮೆಂಟಿನಲ್ಲಿ ಬೆರೆಯುತ್ತದೆ. ಬಾಗಲಕೋಟೆ, ಕಲಬುರಗಿ ಜಿಲ್ಲೆಗಳಲ್ಲಿ ಸಿಮೆಂಟ್ ಕಾರ್ಖಾನೆಗಳಿವೆ, ಆದರೆ ಇಂಥ ತ್ಯಾಜ್ಯ ಸುಡಲು ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಇರುವ ಕುಲುಮೆಗೆ ಮಾತ್ರ ಕಳಿಸಬಹುದು. ನಿಮ್ಮ ಹೊಲದಲ್ಲೇ ಒಣಗರಗಸ ಹಾಕಿ ಕತ್ತರಿಸಲು ಬಿಡಬೇಡಿ. ಆ ನಾರಿನ ಧೂಳು ಮೈಗೆ ಚುಚ್ಚುತ್ತದೆ, ಮೇವಿನ ಮೇಲೆ ಕೂರುತ್ತದೆ. ನೀರು ಚಿಮುಕಿಸಿ, ಕೆಳಗೆ ತಾಡಪಾಲು ಹಾಸಿ, ಮುಖಕವಚ ಧರಿಸಿ ಕೊಯ್ಯಬೇಕು. ಗೇರ್‌ಬಾಕ್ಸ್ ಇರುವ ಯಂತ್ರದಲ್ಲಿ ನೂರಾರು ಲೀಟರ್ ಎಣ್ಣೆ ಇರುತ್ತದೆ. ಬಳಸಿದ ಎಣ್ಣೆ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಡಿ ಬರುತ್ತದೆ, ಅದು ನಿಮ್ಮ ಬಾವಿ ಪಕ್ಕ ಇಳಿಯದಂತೆ ನೋಡಿಕೊಳ್ಳಿ. ಕಪ್ಪತಗುಡ್ಡ 2019ರಲ್ಲಿ ವನ್ಯಜೀವಿಧಾಮವಾಗಿದೆ, ಅಲ್ಲಿಯ ಯಂತ್ರಗಳಿಗೆ ಅರಣ್ಯ ಇಲಾಖೆಯನ್ನೂ ಕೇಳಬೇಕು.

ಕೊನೆಗೆ ಯಾರಿಗೆ ಕೊಡಬೇಕು? ಸರಿಯಾದವರೆಂದು ಗುರುತಿಸುವುದು ಹೇಗೆ?

2022ರ ಇ-ತ್ಯಾಜ್ಯ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ, ಸೋಲಾರ್ ಪ್ಯಾನೆಲ್ಲೂ ಅವುಗಳ ವ್ಯಾಪ್ತಿಗೆ ಬಂದಿದೆ. 2034-35ರವರೆಗೆ ಹುಟ್ಟುವ ಪ್ಯಾನೆಲ್ ತ್ಯಾಜ್ಯವನ್ನು ತಯಾರಕರು ಸಂಗ್ರಹಿಸಿಡಬೇಕೆಂದು ನಿಯಮ ಹೇಳುತ್ತದೆ. ಆದ್ದರಿಂದ ಮೊದಲ ಪತ್ರ ಪ್ಯಾನೆಲ್ ಕಂಪನಿಗೆ, ಸೀರಿಯಲ್ ನಂಬರ್ ಸಮೇತ ಇಮೇಲ್ ಮಾಡಿ. ಒಂದು ವರ್ಷದಲ್ಲಿ ಕನಿಷ್ಠ ಸಾವಿರ ವಿದ್ಯುತ್ ಉಪಕರಣ ಬಳಸುವ ಕಾಲೇಜು, ಆಸ್ಪತ್ರೆ, ಕಾರ್ಖಾನೆಗಳು ನೋಂದಾಯಿತರಿಗೇ ಕೊಡಬೇಕು, ಗುಜರಿ ಹರಾಜು ಹಾಕುವಂತಿಲ್ಲ.

ಮರುಬಳಕೆದಾರರ ಪಟ್ಟಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಇಪಿಆರ್ (ತಯಾರಕರ ಹೊಣೆಗಾರಿಕೆ) ಪೋರ್ಟಲ್‌ನಲ್ಲಿದೆ. ರಾಜ್ಯ ಮಂಡಳಿಯ ಧಾರವಾಡದ ಪ್ರಾದೇಶಿಕ ಕಚೇರಿಯಲ್ಲೂ ಕೇಳಬಹುದು. ಬಂದವರಿಗೆ ಮೂರು ಕೇಳಿ: ನೋಂದಣಿ ಸಂಖ್ಯೆ, ಅದರಲ್ಲಿ ಯಾವ ವಸ್ತುವಿಗೆ ಅನುಮತಿ ಇದೆ ಎಂಬುದು (ಕಂಪ್ಯೂಟರ್ ಬಿಚ್ಚುವವರಿಗೆಲ್ಲ ಪ್ಯಾನೆಲ್ ಒಡೆಯುವ ಯಂತ್ರ ಇರುವುದಿಲ್ಲ), ಮತ್ತು ತೂಕದ ಚೀಟಿಯೊಂದಿಗೆ ರಸೀದಿ. ‘ಸಂಗ್ರಹಿಸುತ್ತೇವೆ, ಆಮೇಲೆ ಕಳಿಸುತ್ತೇವೆ’ ಎನ್ನುವವರಾದರೆ ಎಲ್ಲಿಗೆ ಎಂದು ಬರೆಸಿಕೊಳ್ಳಿ.

ಎರಡು ಪ್ಯಾನೆಲ್ಲಿಗೆ ಬೆಂಗಳೂರಿನಿಂದ ಗಾಡಿ ಬರುವುದಿಲ್ಲ. ಒಂದು ಟಾಟಾ ಏಸ್‌ಗೆ 72 ಸೆಲ್ಲಿನ 30 ಪ್ಯಾನೆಲ್ ಹಿಡಿಸುತ್ತವೆ, ತೂಕ ಸುಮಾರು 660 ಕೆ.ಜಿ. ಪಂಚಾಯಿತಿ ಅಥವಾ ಸೊಸೈಟಿಯ ಗೋದಾಮಿನಲ್ಲಿ ಒಂದು ಮೂಲೆ ಕೇಳಿ ಅಷ್ಟು ಕೂಡುವವರೆಗೆ ಇಡುವುದೇ ಖರ್ಚಿಗೆ ಗಿಟ್ಟುವ ದಾರಿ. ಪ್ಯಾನೆಲ್ ಒಂದು ಕಡೆ, ಸೀಸದ ಬ್ಯಾಟರಿ ಇನ್ನೊಂದು ಕಡೆ, ಲಿಥಿಯಂ ಇವೆರಡರಿಂದಲೂ ದೂರ, ಗೋದಾಮಿನ ಹೊರಗೆ, ನೆರಳಿನಲ್ಲಿ.